ಬಾಗಿಲಾಚೆಯ ದನಿ

ಫೆಬ್ರವರಿ 9

ಪುಟ್ಟಿಗೆ,

ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಮಾತಾಡುವುದು ಇನ್ನು ನನ್ನಿಂದ ಆಗದ ಕೆಲಸ. ಮೊಬೈಲಿನಲ್ಲಿ ಬರೆಯೋಣವೆಂದರೆ ನನ್ನ ಹೆಬ್ಬೆರಳು ಒಂದು ಅಕ್ಷರ ಒತ್ತಲು ಹೋಗಿ ಅಕ್ಕಪಕ್ಕದ ಅಕ್ಷರಗಳನ್ನೂ ಕರೆದುಕೊಂಡು ಬರುತ್ತದೆ. ಅದಕ್ಕೇ ಈ ಕಾಗದ.

ಗಾಯ ಒಣಗಿದೆ. ಧ್ವನಿಪೆಟ್ಟಿಗೆಯ ಜೊತೆಗೆ ಗೆಡ್ಡೆಯೂ ಪೂರ್ತಿ ಹೋಯಿತು, ಇನ್ನು ಹೆದರಬೇಕಿಲ್ಲ ಎಂದು ಡಾಕ್ಟರು ಹೇಳಿದರು. ಈಗ ಕುತ್ತಿಗೆಯ ಬುಡದಲ್ಲಿರುವ ತೂತಿನಿಂದ ಉಸಿರಾಡುತ್ತೇನೆ. ಅದರ ಮೇಲೆ ನಿನ್ನ ಅಮ್ಮ ಹೊಲಿದುಕೊಟ್ಟ ತೆಳುಬಟ್ಟೆ. ಮೂಗು ಬರೀ ಅಲಂಕಾರಕ್ಕೆ. ಬಿಸಿ ಚಹಾ ಊದಿಕೊಳ್ಳಲೂ ಆಗುವುದಿಲ್ಲ, ಅಮ್ಮನೇ ಊದಿಕೊಡುತ್ತಾಳೆ. ಊದುವಾಗಲೂ ಮಾತಾಡುತ್ತಿರುತ್ತಾಳೆ, ಹೇಗೆ ಸಾಧ್ಯವೋ ನಾ ಕಾಣೆ.

ಮೊನ್ನೆ ನೀನು ಫೋನ್ ಮಾಡಿದಾಗ ಏನಾಯಿತು ಗೊತ್ತೇ? 'ಊಟ ಆಯಿತಾ ಕೇಳು' ಎಂದು ನಾನು ಕೈಸನ್ನೆ ಮಾಡಿದೆ. ಅವಳು 'ಅಪ್ಪಂಗೆ ಹಸಿವಂತೆ, ಇಡ್ತೀನಿ ಕಣೆ' ಎಂದು ಫೋನ್ ಇಟ್ಟೇಬಿಟ್ಟಳು.

ಆಸ್ಪತ್ರೆಯವರು ಮಾತಿಗೆಂದು ಒಂದು ಯಂತ್ರ ಕೊಟ್ಟಿದ್ದಾರೆ. ನೋಡಲು ಗಡ್ಡ ಹೆರೆಯುವ ಯಂತ್ರದ ಹಾಗಿದೆ. ದವಡೆಯ ಕೆಳಗೆ ಒತ್ತಿ ಹಿಡಿದು ಗುಂಡಿ ಅದುಮಿದರೆ ಗುಂಯ್ ಎನ್ನುತ್ತದೆ, ನಾವು ಬಾಯಿ ಆಡಿಸಿದರೆ ಆ ಗುಂಯ್ ಮಾತಾಗುತ್ತದೆ. ಎಂಥ ಮಾತು! ಡಬ್ಬದೊಳಗೆ ಸಿಕ್ಕಿಬಿದ್ದ ದುಂಬಿ ಪಾಠ ಒಪ್ಪಿಸಿದ ಹಾಗೆ. ಏರಿಲ್ಲ, ಇಳಿವಿಲ್ಲ. ಮಾತು ಕಲಿಸುವ ಮೇಡಮ್ಮಿನ ಎದುರು ಒಂದು ಸಲ ಹಿಡಿದೆ. ಪಕ್ಕದ ಹಾಸಿಗೆಯವನನ್ನು ನೋಡಲು ಬಂದಿದ್ದವರು ನಗು ತಡೆಯಲಾರದೆ ಹೊರಗೆ ಹೋದರು. ಯಂತ್ರ ಈಗ ಡ್ರಾಯರಿನಲ್ಲಿದೆ, ಅಲ್ಲೇ ಇರಲಿ. ಮೊದಲೂ ನಾನೇನು ಮಾತಿನಮಲ್ಲನಾಗಿರಲಿಲ್ಲವಲ್ಲ.

ನೀನು ಬ್ಯಾಂಡ್ ಬಿಟ್ಟು ಒಬ್ಬಳೇ ಏನೋ ಮಾಡುತ್ತಿದ್ದೀಯ ಎಂದು ಅಮ್ಮ ಹೇಳಿದಳು. ಬಿಟ್ಟೆಯಾ? ಯಾರಾದರೂ ಏನಾದರೂ ಅಂದರಾ? ಬಿಡಿಸಿ ಬರಿ.

ಸದ್ದಿಲ್ಲದ, ಆದರೆ ಗಟ್ಟಿಮುಟ್ಟಾಗಿರುವ,
ಅಪ್ಪ


ಫೆಬ್ರವರಿ 21

ಅಪ್ಪಾ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ನನಗೆ ಬುದ್ಧಿ ಬಂದಾಗಿನಿಂದ ನೀನು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಕೇಳಿಯೇ ಇರಲಿಲ್ಲ. ದಿನವಿಡೀ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ಮನೆಗೆ ಬರುತ್ತಿದ್ದೆ. 'ಏನು ವಿಶೇಷ?' 'ಏನಿಲ್ಲ.' ಅಷ್ಟಕ್ಕೆ ನಮ್ಮಿಬ್ಬರ ಮಾತು ಮುಗಿಯುತ್ತಿತ್ತು. ಈಗ ನೋಡಿದರೆ ಗಂಟಲು ಮುಚ್ಚಿದ ಮೇಲೆ ಕಟ್ಟೆ ಒಡೆದಿದೆ!

ಬ್ಯಾಂಡ್ ಬಿಟ್ಟಿಲ್ಲ. ನಮ್ಮ ಗಾಯಕ, ನೀನು ನವಿಲು ಎಂದು ಹೆಸರಿಟ್ಟವನು, ಮನೆ ಕಟ್ಟಿಸುತ್ತಿದ್ದಾನೆ. ಡ್ರಮ್ಮರನಿಗೆ ಅವಳಿ ಮಕ್ಕಳು ಹುಟ್ಟಿವೆ, ನಿದ್ದೆಗೇ ಪುರುಸೊತ್ತಿಲ್ಲ. ವರ್ಷದ ಕೊನೆಯವರೆಗೆ ಎಲ್ಲೂ ಕಾರ್ಯಕ್ರಮವಿಲ್ಲ. ಊರೂರು ಅಲೆಯುವಾಗ ವ್ಯಾನಿನ ಹಿಂದಿನ ಸೀಟಿನಲ್ಲಿ ನಾನು ಕಟ್ಟಿದ ಹಾಡುಗಳು ಸುಮಾರಿವೆ. ಒಂದೊಂದಾಗಿ ನವಿಲಿಗೆ ತೋರಿಸುತ್ತಿದ್ದೆ, ಅವನು 'ನೋಡೋಣ' ಅನ್ನುತ್ತಿದ್ದ. ಆ ನೋಡೋಣ ಹಾಡುಗಳನ್ನೆಲ್ಲ ಸೇರಿಸಿ ನನ್ನ ಹೆಸರಿನಲ್ಲೇ ಒಂದು ಆಲ್ಬಮ್ ಮಾಡುತ್ತಿದ್ದೇನೆ. ಅಷ್ಟೇ ಅಪ್ಪ. ಯಾರೂ ಏನೂ ಅನ್ನಲಿಲ್ಲ.

ಅಂದದ್ದು ಒಂದೇ ಮಾತು, ಅದೂ ನಗುತ್ತಾ. 'ಬೇಸ್ ಬಾರಿಸೋರ ಆಲ್ಬಮ್ನ ಬೇಸ್ ಬಾರಿಸೋರೇ ಕೊಳ್ಬೇಕು' ಅಂದ ನವಿಲು. ನಾನೂ ನಕ್ಕೆ. ಬಸ್ಸಿನಲ್ಲಿ ಕೂತಮೇಲೆ ಬೈದೆ. ನಮ್ಮ ಬೇಸ್ ಗಿಟಾರೇ ಅಂಥದ್ದು, ಹಾಡಿನ ತಳದ ದಪ್ಪ ದನಿ, ಇದ್ದರೆ ಯಾರಿಗೂ ತಿಳಿಯುವುದಿಲ್ಲ, ನಿಂತರೆ ಏನೋ ಕಳೆದುಹೋಯಿತು ಅನ್ನಿಸುತ್ತದೆ.

ರೆಕಾರ್ಡಿಂಗ್ ನಡೆಯುವುದು ಒಂದು ಹಳೆಯ ಐಸ್ ಫ್ಯಾಕ್ಟರಿಯಲ್ಲಿ. ಗೋಡೆಗಳು ಎಷ್ಟು ದಪ್ಪವೆಂದರೆ ಹೊರಗೆ ಲಾರಿ ಹೋದರೂ ಗೊತ್ತಾಗುವುದಿಲ್ಲ. ರೆಕಾರ್ಡ್ ಮಾಡುವವನನ್ನು ನಾನು ಕನ್ನಡಕ ಎಂದೇ ಕರೆಯುತ್ತೇನೆ. ಹಿಡಿಸದಿದ್ದರೆ ಬಾಯಿಬಿಟ್ಟು ಹೇಳುವುದಿಲ್ಲ, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾನೆ. ಮೊದಲ ವಾರ ಅವನ ಕನ್ನಡಕ ಫಳಫಳ ಹೊಳೆಯುತ್ತಿತ್ತು.

ತೊಡಕು ಇರುವುದು ಒಂದೇ. ಹಾಡುವವರು ಯಾರು? 'ನೀವೇ ಹಾಡಿ' ಅನ್ನುತ್ತಾನೆ ಅವನು. ಬ್ಯಾಂಡಿನಲ್ಲಿ ನನ್ನ ಮುಂದೆಯೂ ಒಂದು ಮೈಕ್ ಇರುತ್ತದೆ, ಆದರೆ ಅದರ ಸದ್ದನ್ನು ಸಣ್ಣಗೆ ಇಟ್ಟಿರುತ್ತಾರೆ. ನವಿಲನ್ನೇ ಕೇಳಿಬಿಡಲೇ ಎಂದು ಯೋಚಿಸುತ್ತಿದ್ದೇನೆ.

ಚಹಾ ನಿಧಾನವಾಗಿ ಕುಡಿ.

ಪುಟ್ಟಿ


ಮಾರ್ಚ್ 15

ಪುಟ್ಟಿ,

ನವಿಲಿನ ಗಂಟಲನ್ನು ಬಾಡಿಗೆಗೆ ತರಬೇಡ. ಹಾಡು ಕಟ್ಟಿದವಳು ನೀನು. ನೀನೇ ಹಾಡು. ಕನ್ನಡಕದವನು ಒರೆಸುವಷ್ಟು ಒರೆಸಲಿ, ಗಾಜು ಸವೆದ ಮೇಲೆ ಸುಮ್ಮನಾಗುತ್ತಾನೆ.

ಕೆಲಸಕ್ಕೆ ಸೇರಿದೆ. ಕಂಪನಿಯವರು ಮರ್ಯಾದೆಯಿಂದಲೇ ನಡೆಸಿಕೊಂಡರು. ಮ್ಯಾನೇಜರು ಹೆಗಲ ಮೇಲೆ ಕೈಯಿಟ್ಟು, 'ಇನ್ಮೇಲೆ ನೀವು ಮೆಟ್ಟಿಲು ಹತ್ತಿ ಇಳಿದು ಮಾಡ್ಬೇಡಿ. ಆಫೀಸಲ್ಲಿ ಆರಾಮಾಗಿ ಕೂತ್ಕೊಂಡು ಕಂಪ್ಲೇಂಟ್ ಫೋನ್ ತಗೊಳ್ಳಿ' ಅಂದರು. ಅಂದಮೇಲೆ ಅವರಿಗೇ ಹೊಳೆಯಿತು. ಪಾಪ, ಮುಖ ಎಲ್ಲಿಡಬೇಕೆಂದು ತಿಳಿಯದೆ ಕಿಟಕಿಯ ಪರದೆ ಸರಿಮಾಡಿದರು. ಸ್ವಲ್ಪ ದಿನ ಸ್ಟೋರಿನಲ್ಲಿ ಬೋಲ್ಟು, ಬೇರಿಂಗುಗಳ ನಡುವೆ ಕೂತೆ. ಅಲ್ಲಿ ಯಾರೂ ಮಾತಾಡಿಸುವುದಿಲ್ಲ, ಆದರೆ ಅಲ್ಲಿ ಏನೂ ಚಲಿಸುವುದೂ ಇಲ್ಲ. ನನಗೆ ಆಗಿಬರಲಿಲ್ಲ. ಚೀಟಿ ಬರೆದುಕೊಟ್ಟು ಮತ್ತೆ ಲಿಫ್ಟಿನ ಕೆಲಸಕ್ಕೇ ಹೋದೆ. ಜೊತೆಗೆ ಒಬ್ಬನನ್ನು ಹಾಕಿದ್ದಾರೆ. ಜನರ ಹತ್ತಿರ ಮಾತು ಅವನದು, ಕೆಲಸ ನನ್ನದು.

ಸಂಜೆ ಅಮ್ಮ ಕೆಲಸ ಮಾಡುವ ಈಜುಕೊಳದ ಹತ್ತಿರ ಹೋಗುತ್ತೇನೆ. ಅಮ್ಮ ಟಿಕೆಟ್ ಕಿಟಕಿ ಮುಚ್ಚುವವರೆಗೆ ಅಲ್ಲೇ ಕಾಯುವುದು. ಮೊದಲಾಗಿದ್ದರೆ ಅಷ್ಟರಲ್ಲಿ ಆ ತುದಿಯಿಂದ ಈ ತುದಿಗೆ ಈಜಿ ಬರುತ್ತಿದ್ದೆ. ಈಗ ಕುತ್ತಿಗೆಗೆ ನೀರು ಬಂದರೆ ಕಥೆ ಮುಗಿಯಿತು. ಪ್ಯಾಂಟು ಮಡಚಿ, ಕಾಲು ಇಳಿಬಿಟ್ಟು ಕೂರುತ್ತೇನೆ. ನೀರು ತಣ್ಣಗಿರುತ್ತದೆ, ಚೆನ್ನಾಗಿರುತ್ತದೆ.

ತಿಂಗಳ ಕೊನೆಗೆ ಬಂದು ಹೋಗು. ಅಮ್ಮನಿಗೆ ನಾನು ಮಾತಿಗೆ ಸಾಲುತ್ತಿಲ್ಲ.

ಅಪ್ಪ


ಏಪ್ರಿಲ್ 7

ಅಪ್ಪಾ,

ಮನೆಯಿಂದ ಬಂದಮೇಲೆ ಕೆಲಸ ಓಡಿತು. ನಾನೇ ಹಾಡಿದೆ! ನಿನ್ನ ಮಾತು ಕೇಳಿ ಹಾಡಿದೆ. ಮೊದಲೆರಡು ದಿನ ನನ್ನ ದನಿ ನನಗೇ ಕೇಳಲಾಗಲಿಲ್ಲ. ಮೂರನೆಯ ದಿನ ಕನ್ನಡಕ ಕಣ್ಣಿನ ಮೇಲೆಯೇ ಉಳಿಯಿತು.

ಹಾಡುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ ಈ ಕಾಗದದ ಜೊತೆ ಕಳಿಸಿದ್ದೇನೆ. ಟಿವಿಯ ಹಿಂದೆ ಚುಚ್ಚುವ ಜಾಗ ಅಮ್ಮನಿಗೆ ಗೊತ್ತು. ಇದು ಕೊನೆಯ ರೂಪವಲ್ಲ, ಇನ್ನೂ ತಿದ್ದುವುದಿದೆ. ಎಲ್ಲ ಹಾಡುಗಳನ್ನೂ ಕೇಳು, ಆದರೆ ಕೊನೆಯದನ್ನು ಕೊನೆಗೇ ಕೇಳು. ಅದು ನಿನ್ನ ಆಪರೇಷನ್ ದಿನ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆದದ್ದು. ಅದೊಂದನ್ನು ಮಾತ್ರ ಹಾಡಲು ನನ್ನಿಂದ ಆಗಲಿಲ್ಲ. ಅದಕ್ಕೆ ಬೇರೆ ದಾರಿ ಹುಡುಕಿದ್ದೇನೆ. ಏನೆಂದು ಈಗ ಹೇಳುವುದಿಲ್ಲ. ನಿನಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೇನೆ. ಆಗುತ್ತದೆ ಅಲ್ಲವೇ?

ಬೇಗ ಬರಿ.

ಪುಟ್ಟಿ


ಏಪ್ರಿಲ್ 18

ಕೊನೆಯ ಹಾಡು ಕೇಳಿದೆ.

ನೀನು ಮನೆಗೆ ಬಂದಿದ್ದಾಗ ಒಂದು ಬೆಳಿಗ್ಗೆ ನಾನು ಕೋಣೆಯ ಬಾಗಿಲು ಹಾಕಿಕೊಂಡು ಆ ಯಂತ್ರ ಹಿಡಿದು ಕೂತಿದ್ದೆ. ಅಮ್ಮನಿಗೂ ಹೇಳಿರಲಿಲ್ಲ. ಮನುಷ್ಯ ಬಾಗಿಲು ಹಾಕಿಕೊಳ್ಳುವುದು ಯಾಕೆಂದು ನಿನಗೆ ಬಿಡಿಸಿ ಹೇಳಬೇಕಾಗಿ ಬರುತ್ತದೆ ಎಂದು ನಾನು ತಿಳಿದಿರಲಿಲ್ಲ. ನೀನು ಹೊರಗೆ ನಿಂತು ಅದನ್ನು ಫೋನಿನಲ್ಲಿ ಹಿಡಿದುಕೊಂಡೆ. ಮನೆಯಿಂದ ಒಯ್ದೆ. ಗುರುತಿಲ್ಲದವರ ಎದುರು ಹಾಕಿದೆ. ನಾನು ಎಣಿಸಿದ್ದು, ತೊದಲಿದ್ದು, ಮತ್ತೆ ಮೊದಲಿಂದ ಹೇಳಿದ್ದು, ಎಲ್ಲದಕ್ಕೂ ಹಿಂದೆ ಗಿಟಾರು ಬಾರಿಸಿದ್ದೀಯ. ಯಾರ್ಯಾರು ಕೇಳಿದರು? ಕನ್ನಡಕದವನು ಕೇಳಿದನಲ್ಲವೇ? ನವಿಲು?

ನನ್ನ ಗೋಳು ನಿನ್ನ ಹಾಡಿಗೆ ಒಗ್ಗರಣೆಯಾ?

ಅದನ್ನು ತೆಗೆದುಹಾಕು.

ಅಪ್ಪ


ಏಪ್ರಿಲ್ 26

ಅಪ್ಪಾ,

ತಪ್ಪಾಯಿತು. ಕೇಳದೆ ಮಾಡಬಾರದಿತ್ತು.

ಆದರೆ ಒಂದು ಮಾತು ಹೇಳಲೇಬೇಕು. ನಗಿಸಲು ಮಾಡಿದ್ದಲ್ಲ, ಮರುಕ ಹುಟ್ಟಿಸಲೂ ಅಲ್ಲ. ನೀನು ದುಂಬಿ ಎನ್ನುತ್ತೀಯಲ್ಲ, ಆ ದನಿ ನನಗೆ ಬಾಗಿಲಿನ ಹೊರಗೆ ಹಾಗೆ ಕೇಳಿಸಲಿಲ್ಲ. ಚೆನ್ನಾಗಿತ್ತು ಅಪ್ಪ. ಕನ್ನಡಕದವನು ಅದನ್ನು ಕೇಳಿ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದ. ಅವನು ಬಿಟ್ಟರೆ ಇನ್ನೊಬ್ಬರು ಕೇಳಿಲ್ಲ. ನವಿಲಿಗೆ ಗೊತ್ತೇ ಇಲ್ಲ. ಅದು ಇದ್ದರೆ ಆ ಹಾಡು ಹಾಡಾಗುತ್ತದೆ, ಇಲ್ಲದಿದ್ದರೆ ಬರೀ ತಾಳ. ಇನ್ನೊಂದು ಸಲ ಕೇಳಿ ನೋಡುತ್ತೀಯಾ? ಕೋಪ ಇಳಿದ ಮೇಲೆ?

ಪುಟ್ಟಿ


ಮೇ 24

ಅಪ್ಪಾ,

ನಿನ್ನ ಉತ್ತರವಿಲ್ಲ. ಫೋನ್ ಮಾಡಿದರೆ ಅಮ್ಮ, 'ಅವರು ಹೊರಗೆ ಹೋಗಿದಾರೆ' ಎನ್ನುತ್ತಾಳೆ. ಹಿಂದೆ ನಿನ್ನ ಕೆಮ್ಮು ಕೇಳಿಸುತ್ತದೆ.

ಹೋದ ಕಾಗದದಲ್ಲಿ ತಪ್ಪಾಯಿತು ಎಂದು ಒಂದು ಸಾಲು ಬರೆದು ಉಳಿದದ್ದೆಲ್ಲ ವಾದ ಮಾಡಿದ್ದೆ. ಈಗ ಓದಿದರೆ ನನಗೇ ನಾಚಿಕೆಯಾಗುತ್ತದೆ.

ನಿನ್ನ ದನಿಯನ್ನು ಅಳಿಸಿಹಾಕಿದೆ. ಕನ್ನಡಕದವನ ಕಂಪ್ಯೂಟರಿನಲ್ಲೂ ಇಲ್ಲ, ನನ್ನ ಫೋನಿನಲ್ಲೂ ಇಲ್ಲ. ಕೊನೆಯ ಹಾಡು ದನಿಯಿಲ್ಲದೆ ಬಿದ್ದಿದೆ. ಅದನ್ನು ಬಿಟ್ಟೇ ಆಲ್ಬಮ್ ತರೋಣ ಅಂದೆ. ಅವನು ಕನ್ನಡಕ ಒರೆಸಿದ.

ಪುಟ್ಟಿ


ಜೂನ್ 5

ಕಂದಾ,

ಇದು ನಾನು, ಅಮ್ಮ. ಟಿಕೆಟ್ ಕಿಟಕಿಯಲ್ಲಿ ಕೂತು ಬರೆಯುತ್ತಿದ್ದೇನೆ. ನೀರು ಬದಲಾಯಿಸುತ್ತಿದ್ದಾರೆ, ಇವತ್ತು ಜನ ಇಲ್ಲ. ನಾನು ಬರೆದದ್ದು ಅವರಿಗೆ ಗೊತ್ತಾಗಬಾರದು.

ಅಪ್ಪ ಮಗಳಿಬ್ಬರೂ ಸೇರಿ ನನ್ನನ್ನು ಅರೆದುಬಿಟ್ಟಿರಿ. ಅತ್ತ ನೀನು ಫೋನಿನಲ್ಲಿ ಮೂಗು ಒರೆಸುತ್ತೀಯ, ಇತ್ತ ಅವರು ಗೋಡೆ ನೋಡುತ್ತಾರೆ. ನನಗೆ ಬಾಯಿ ಇದೆ ಎಂದು ಮೂರೂ ಜನದ ಮಾತು ನಾನೇ ಆಡಬೇಕಾ?

ನೀನು ಮಾಡಿದ್ದು ಸರಿಯಲ್ಲ, ಆ ಮಾತು ಬೇರೆ. ಆದರೆ ಅವರು ಆ ಬೆಳಿಗ್ಗೆ ಯಾಕೆ ಯಂತ್ರ ಹಿಡಿದು ಕೂತಿದ್ದರು ಎಂಬುದು ನಿನಗೆ ಗೊತ್ತಿಲ್ಲ. ಏಪ್ರಿಲ್ ಕೊನೆಗೆ ನಿನ್ನ ಹುಟ್ಟುಹಬ್ಬವಲ್ಲವೇ? ಆ ದಿನ ತಾವೇ ಫೋನ್ ಮಾಡಿ ನಿನ್ನನ್ನು ಹೆಸರು ಹಿಡಿದು ಕರೆಯಬೇಕು ಎಂದು ಅಭ್ಯಾಸ ಮಾಡುತ್ತಿದ್ದರು. ನನ್ನಿಂದಲೂ ಮುಚ್ಚಿಟ್ಟಿದ್ದರು. ಮೊನ್ನೆ ಕೇಳಿ ಕೇಳಿ ಬಾಯಿ ಬಿಡಿಸಿದೆ, ಅಂದರೆ ಚೀಟಿ ಬರೆಸಿದೆ. ಆ ಯಂತ್ರದಲ್ಲಿ ಪ ಅಂದರೆ ಬ ಆಗುತ್ತದಂತೆ, ಟ ಅಂದರೆ ಡ. ಪುಟ್ಟಿ ಅಂದರೆ ಬುಡ್ಡಿ! ಎಷ್ಟು ಸಲ ಹೇಳಿದರೂ ಬುಡ್ಡಿ, ಬುಡ್ಡಿ. ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದರು. ನೀನು ಎತ್ತಿಕೊಂಡು ಹೋದದ್ದು ಅದನ್ನು.

ಇನ್ನೊಂದು. ಉಳಿದ ಹಾಡುಗಳನ್ನು ಅವರು ದಿನಾ ಕೇಳುತ್ತಾರೆ. ನಾನು ಕೆಲಸದಿಂದ ಬಂದು ಕೀಲಿ ತೆಗೆಯುವ ಸದ್ದಾದರೆ ಟಿವಿ ಆರಿಸಿಬಿಡುತ್ತಾರೆ, ಕಳ್ಳರ ಹಾಗೆ. ಒಂದು ದಿನ ಬಾಗಿಲ ಹೊರಗೇ ನಿಂತು ಕೇಳಿದೆ. ಕೀಲಿ ಕೈಯಲ್ಲೇ ಉಳಿಯಿತು ಕಂದಾ. ನೀನು ಹೈಸ್ಕೂಲಿನಲ್ಲಿದ್ದಾಗ ಮನೆಯ ಫೋನ್ ಎತ್ತಿ ಹಲೋ ಅಂದರೆ ಆ ಕಡೆಯವರು, 'ಸಾರ್, ನಮ್ಮ ಬಿಲ್ಡಿಂಗಲ್ಲಿ ಲಿಫ್ಟ್ ನಿಂತಿದೆ' ಅನ್ನುತ್ತಿದ್ದರು. ನೀನು ಅಳುತ್ತಿದ್ದೆ, ನಾವು ನಗುತ್ತಿದ್ದೆವು. ಅದೇ ದನಿ. ಒಳಗೆ ಅವರು ಮಾತಾಡುತ್ತಿದ್ದಾರೆ ಅನ್ನಿಸಿತು ಒಂದು ಕ್ಷಣ.

ಅವರು ತಮ್ಮ ಹಳೆಯ ದನಿಯನ್ನೇ ಕೇಳುತ್ತಿದ್ದಾರೋ, ನಿನ್ನ ಹಾಡು ಕೇಳುತ್ತಿದ್ದಾರೋ, ನನಗೆ ತಿಳಿಯದು. ನಾನು ಅವರನ್ನು ವಿಚಾರಿಸುವುದೂ ಇಲ್ಲ.

ಅವರಿಗೆ ಬರಿ. ವಾದ ಮಾಡಬೇಡ.

ನಿಮ್ಮಿಬ್ಬರಿಂದ ಸುಸ್ತಾದ,
ಅಮ್ಮ


ಜೂನ್ 18

ಅಪ್ಪಾ,

ಇದಕ್ಕೆ ಉತ್ತರ ಬರೆಯಲೇಬೇಕು ಅಂತಿಲ್ಲ.

ಕೊನೆಯ ಹಾಡನ್ನು ನಿನ್ನೆ ಹಾಡಿದೆ. ಕನ್ನಡಕದವನಿಗೆ, 'ದೀಪ ಆರಿಸಿ, ನೀವೂ ಹೊರಗೆ ಇರಿ' ಅಂದೆ. 'ನಾನು ಹೊರಗಿದ್ರೆ ಗುಂಡಿ ಒತ್ತೋರು ಯಾರು?' ಅಂದ. ಕೊನೆಗೆ ಅವನು ನನಗೆ ಬೆನ್ನು ಹಾಕಿ ಕೂತ. ಮೊದಲ ಸಲ ಅರ್ಧಕ್ಕೆ ನಿಂತಿತು. ಎರಡನೆಯ ಸಲ ಅತ್ತೆ. ಆಮೇಲೆ ಬೇಸನ್ನು ಹೊಟ್ಟೆಗೆ ಒತ್ತಿ ಹಿಡಿದು, ಒಂದೇ ತಂತಿ ಮೀಟುತ್ತಾ, ಯಾರಿಗೂ ಕೇಳಿಸಬೇಕಾಗಿಲ್ಲ ಎನ್ನುವ ಹಾಗೆ ಹಾಡಿದೆ. ಅದೇ ಉಳಿಯಿತು. ಅಲ್ಲಲ್ಲಿ ಬಿರುಕಿದೆ. ಸರಿಮಾಡಬೇಡಿ ಅಂದೆ.

ನಾನು ಮಾಡಿದ್ದು ಏನೆಂದು ಹಾಡಿದ ಮೇಲೆ ತಿಳಿಯಿತು. ನಿನ್ನ ದನಿ ಚೆನ್ನಾಗಿತ್ತು ಎಂದು ನಾನು ತಂದದ್ದಲ್ಲ. ಆ ಜಾಗದಲ್ಲಿ ನಿಲ್ಲಲು ನನಗೆ ಭಯವಿತ್ತು. ನಿನ್ನನ್ನು ಅಲ್ಲಿ ನಿಲ್ಲಿಸಿ ನಾನು ಹಿಂದೆ ಸರಿದೆ. ವೇದಿಕೆಯ ಮೇಲೆ ಇಷ್ಟು ವರ್ಷ ಅದೇ ಅಭ್ಯಾಸ. ಮುಂದೆ ಯಾರಾದರೂ ಇದ್ದರೆ ಸಾಕು, ನಾನು ಹಿಂದೆ ಆರಾಮಾಗಿ ಇರುತ್ತೇನೆ. ಈ ಸಲ ಮುಂದೆ ತಳ್ಳಿದ್ದು ನಿನ್ನನ್ನು, ಅದೂ ನೀನು ಬಾಗಿಲು ಹಾಕಿಕೊಂಡಿದ್ದಾಗ.

ಹಾಡನ್ನು ಈ ಕಾಗದದ ಜೊತೆ ಕಳಿಸಿದ್ದೇನೆ. ಬೇಕೆಂದಾಗ ಕೇಳು. ಬೇಡವೆಂದರೆ ಡ್ರಾಯರಿನಲ್ಲಿಡು.

ನಿನ್ನ ಮಗಳು


ಜುಲೈ 9

ಪುಟ್ಟಿ,

ಮೊದಲು ಒಂದು ಸಂಗತಿ ಹೇಳುತ್ತೇನೆ, ಆಮೇಲೆ ಉಳಿದದ್ದು.

ಸೋಮವಾರ ಒಂದು ಹಳೆಯ ಬಿಲ್ಡಿಂಗಿನಿಂದ ಕರೆ ಬಂತು, ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತಿದೆ, ಒಳಗೆ ಯಾರೋ ಇದ್ದಾರೆ ಎಂದು. ನಾನೂ ಜೊತೆಯವನೂ ಓಡಿದೆವು. ಅವನು ಮೇಲೆ ಮೋಟಾರ್ ಕೋಣೆಗೆ ಹೋದ. ಬ್ರೇಕನ್ನು ಕೈಯಿಂದ ಸಡಿಲಿಸಿ ಲಿಫ್ಟನ್ನು ಮೆಲ್ಲಗೆ ಇಳಿಸಬೇಕು. ನಾನು ಬಾಗಿಲ ಹತ್ತಿರ ನಿಂತೆ. ಒಳಗಿನ ಫೋನು ಕೆಟ್ಟಿತ್ತು. ಒಳಗಿದ್ದವರು ಒಬ್ಬ ಅಜ್ಜಿ, ದನಿಯಲ್ಲೇ ಗೊತ್ತಾಗುತ್ತಿತ್ತು. ಊರುಗೋಲಿನಿಂದ ಬಾಗಿಲು ಬಡಿಯುತ್ತಿದ್ದರು.

'ಯಾರಾದ್ರೂ ಇದೀರಾ?'

ನಾನು ಹೊರಗಿನಿಂದ ಬಾಗಿಲು ತಟ್ಟಿದೆ.

'ತಟ್ಬೇಡ್ರೀ, ಮಾತಾಡ್ರೀ! ನಂಗೆ ಉಸಿರು ಕಟ್ತಿದೆ!'

ಯಂತ್ರ ನನ್ನ ಅಂಗಿಯ ಜೇಬಿನಲ್ಲಿತ್ತು. ಯಾಕಿತ್ತು ಎಂದು ಕೇಳಬೇಡ. ಮೆಟ್ಟಿಲ ಮೇಲೆ ಆಗಲೇ ನಾಲ್ಕಾರು ಜನ ಸೇರಿದ್ದರು. ನಾನು ಅವರಿಗೆ ಬೆನ್ನು ಹಾಕಿ ಯಂತ್ರವನ್ನು ದವಡೆಗೆ ಒತ್ತಿದೆ.

'ಹೆದರಬೇಡಿ ಅಮ್ಮಾ' ಅಂದೆ. ಹ ಎಲ್ಲಿ ಬರುತ್ತದೆ? 'ಎದರಬೇಡಿ' ಎಂದಿತು ಯಂತ್ರ.

ಒಳಗೆ ಸದ್ದು ನಿಂತಿತು. ಆಮೇಲೆ, 'ಓಹೋ, ರೆಕಾರ್ಡ್ ಹಾಕಿದೀರಾ? ನಿಮ್ಮ ಮೆಷಿನ್ ಹತ್ರ ನಾನು ಮಾತಾಡಲ್ಲ. ಒಬ್ಬ ಮನುಷ್ಯನ್ನ ಕರೀರಿ!'

'ನಾನು ಮನುಷ್ಯನೇ ಅಮ್ಮಾ.'

'ಈಗಿನ ಮೆಷಿನ್ಗಳೆಲ್ಲ ಹಾಗೇ ಹೇಳ್ತವೆ!'

ಮೆಟ್ಟಿಲ ಮೇಲಿದ್ದವರು ನಕ್ಕರು. ನಿಜ ಹೇಳುತ್ತೇನೆ, ನನಗೂ ನಗು ಬಂತು. ನಕ್ಕರೆ ನನಗೀಗ ಸದ್ದು ಬರುವುದಿಲ್ಲ, ಕುತ್ತಿಗೆಯ ಬಟ್ಟೆ ಮಾತ್ರ ಪಟಪಟ ಅನ್ನುತ್ತದೆ. ತಿರುಗಿ ನಿಂತೆ. ಜನ ನೋಡಿದರೆ ನೋಡಲಿ ಅನ್ನಿಸಿತು.

'ನಂಗೆ ಗಂಟಲು ಆಪರೇಷನ್ ಆಗಿದೆ ಅಮ್ಮಾ. ಯಂತ್ರ ಇಟ್ಕೊಂಡು ಮಾತಾಡ್ತಿದೀನಿ.' ಎರಡು ಸಲ ಹೇಳಬೇಕಾಯಿತು.

'ನೋವಾಗತ್ತಾ?'

'ಇಲ್ಲ.'

'ಹಾಗಾದ್ರೆ ಮಾತಾಡ್ತಾ ಇರಿ. ನಿಲ್ಲಿಸ್ಬೇಡಿ.'

ಮೇಲೆ ಬ್ರೇಕು ಹಿಡಿದುಕೊಂಡು ಕೂತಿತ್ತು, ಬೇಗ ಆಗುವ ಲಕ್ಷಣವಿರಲಿಲ್ಲ. ಏನು ಮಾತಾಡುವುದು? ನಿನಗೆ ಗೊತ್ತಲ್ಲ, ಒಳ್ಳೆಯ ಗಂಟಲಿದ್ದಾಗಲೇ ನನಗೆ ಹೊಳೆಯುತ್ತಿರಲಿಲ್ಲ. ಅವರೇ ಕೇಳಿದರು.

'ಮಕ್ಕಳಿದಾರಾ?'

'ಒಬ್ಬಳು. ಬೇಸ್ ಬಾರಿಸ್ತಾಳೆ.'

'ಬಸ್ ಓಡಿಸ್ತಾಳಾ? ಪರವಾಗಿಲ್ಲ, ಗಟ್ಟಿಗಿತ್ತಿ.'

'ಬಸ್ಸಲ್ಲ ಅಮ್ಮಾ. ಗಿಟಾರು. ನಾಲ್ಕು ತಂತೀದು.'

'ಹಾಡ್ತಾಳಾ?'

'ಈಗ ಹಾಡ್ತಾಳೆ.'

'ಹೇಗೆ ಹಾಡ್ತಾಳೆ?'

ನಿನ್ನ ಕೊನೆಯ ಹಾಡನ್ನು ನಾನು ಹಿಂದಿನ ದಿನವಷ್ಟೇ ಕೇಳಿದ್ದೆ. ಅದುವರೆಗೆ ಧೈರ್ಯವಾಗಿರಲಿಲ್ಲ. ಒಬ್ಬನೇ ಕೂತು ಕೇಳಿದೆ, ಮತ್ತೆ ಹಾಕಿ ಕೇಳಿದೆ.

'ನಂಗೆ ಮೊದಲಿದ್ದ ದನೀಲಿ ಹಾಡ್ತಾಳೆ' ಅಂದೆ.

ಅಜ್ಜಿಗೆ ಅರ್ಥವಾಯಿತೋ ಇಲ್ಲವೋ, 'ಒಳ್ಳೇದಾಯ್ತು ಬಿಡಿ' ಅಂದರು. ಆಮೇಲೆ ಆಪರೇಷನ್ನು, ಕನ್ನಡಕದವನು, ನವಿಲು, ನಿನ್ನ ಐಸ್ ಫ್ಯಾಕ್ಟರಿ, ಎಲ್ಲವನ್ನೂ ಹೇಳಿದೆ. ನಾನು ನಿನ್ನ ಮೇಲೆ ಕೋಪಿಸಿಕೊಂಡಿದ್ದನ್ನೂ ಹೇಳಿದೆ. 'ಕೋಪ ಸರಿ, ಎಷ್ಟು ದಿನ?' ಅಂದರು. ಅಷ್ಟರಲ್ಲಿ ಲಿಫ್ಟ್ ಇಳಿಯಿತು. ಬಾಗಿಲು ತೆಗೆದೆ. ಅಜ್ಜಿ ನನ್ನ ಕುತ್ತಿಗೆಯ ಬಟ್ಟೆ ನೋಡಿದರು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. 'ಕುಳ್ಳಗಿರ್ತೀರಿ ಅಂದ್ಕೊಂಡಿದ್ದೆ' ಎಂದು ಹೇಳಿ ಮೆಟ್ಟಿಲು ಹತ್ತಿ ಹೋದರು.

ಈಗ ಉಳಿದದ್ದು. ಆ ಹಾಡಿನಲ್ಲಿ ನನ್ನ ದನಿ ಬೇಡ. ಕೋಪದಿಂದ ಹೇಳುತ್ತಿಲ್ಲ. ಅದು ನಿನ್ನ ಹಾಡು, ನೀನು ಹಾಡಿದ್ದು ಸರಿಯಾಗಿದೆ. ಬಿರುಕುಗಳೂ ಇರಲಿ. ನಾನು ಏನಾದರೂ ಹೇಳಬೇಕೆಂದರೆ ನಾನೇ ಹೇಳುತ್ತೇನೆ.

ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ. ಅಮ್ಮ ಮಾಡಿಕೊಡುವುದಿಲ್ಲ, ನಾನೇ. ಗುಂಯ್ ಎಂದರೆ ರಾಂಗ್ ನಂಬರ್ ಎಂದು ಇಡಬೇಡ.

ಕೋಪ ಇಳಿದಿರುವ,
ಅಪ್ಪ


ಜುಲೈ 20

ಅಪ್ಪಾ,

ಫೋನ್ ಇಟ್ಟಮೇಲೆ ಈ ಕಾಗದ ಬರೆಯಬೇಕಾಗಿದೆ. ಯಾಕೆಂದರೆ ಫೋನಿನಲ್ಲಿ ಮಾತಾಡಿದವನು ನೀನು, ಮಾತು ಹೊರಡದಿದ್ದದ್ದು ನನಗೆ.

ನಾನು ಏನೇನೋ ನಿರೀಕ್ಷಿಸಿದ್ದೆ. ಹೆಸರು ಹಿಡಿದು ಕರೆಯುತ್ತೀಯ, ಹೇಗಿದ್ದೀಯ ಎನ್ನುತ್ತೀಯ, ನಾನು ಅಳುತ್ತೇನೆ, ಹೀಗೆ. ನೀನು ಒಂದು ಹಲೋ ಕೂಡ ಅನ್ನದೆ, 'ಮೂರನೇ ಹಾಡಲ್ಲಿ ಬೇಸ್ ಕೇಳ್ಸಲ್ಲ' ಅಂದೆಯಲ್ಲ! 'ಐದನೇದ್ರಲ್ಲೂ ಅಷ್ಟೇ. ಬೇಸ್ ಬಾರಿಸೋಳ ಹಾಡಲ್ಲಿ ಬೇಸ್ ಎಲ್ಲಿ?' ಒಂದೊಂದು ಅಕ್ಷರವೂ ತಿಳಿಯಿತು ಅಪ್ಪ. ಆಮೇಲೆ 'ಇದೀಯಾ?' ಅಂದೆ. ಇದ್ದೆ. ಫೋನ್ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದೆ.

ಮಧ್ಯಾಹ್ನವೇ ಐಸ್ ಫ್ಯಾಕ್ಟರಿಗೆ ಹೋಗಿ ಹೇಳಿದೆ. ಕನ್ನಡಕದವನು ಮೂರನೆಯ ಹಾಡು ಹಾಕಿ ಕೇಳಿದ, ಐದನೆಯದನ್ನೂ ಕೇಳಿದ. 'ನಿಮ್ಮಪ್ಪ ಹೇಳಿದ್ದು ಸರಿ' ಅಂದ. 'ಮತ್ತೆ ಇಷ್ಟು ಸಣ್ಣಗೆ ಇಟ್ಟೋರು ಯಾರು?' ಎಂದು ನಾನು ರೇಗಿದೆ. ಅವನು ನನ್ನ ಮುಖವನ್ನೇ ನೋಡಿದ. 'ನೀವೇ ಮೇಡಂ. ಪ್ರತಿ ಸಲವೂ ಬಂದು ನೀವೇ ಇಳಿಸಿ ಹೋಗ್ತಿದ್ರಿ.'

ಯಾರೂ ಇಳಿಸು ಅಂದಿರಲಿಲ್ಲ. ನನ್ನದೇ ಆಲ್ಬಮ್ಮಿನಲ್ಲಿ ನನ್ನದೇ ಕೈ.

ಇಬ್ಬರೂ ಕೂತು ಎಲ್ಲ ಹಾಡುಗಳಲ್ಲೂ ಬೇಸ್ ಏರಿಸಿದೆವು. ಮೇಜಿನ ಮೇಲಿನ ಲೋಟಗಳು ಅದುರುತ್ತಿದ್ದವು. ಅವನು ಅವುಗಳನ್ನು ಎತ್ತಿ ಕೆಳಗಿಟ್ಟು ಇನ್ನಷ್ಟು ಏರಿಸಿದ. ಮುಂದಿನ ತಿಂಗಳು ಬಿಡುಗಡೆ. ನವಿಲಿಗೂ ಕಳಿಸಿದ್ದೆ. ಇಷ್ಟುದ್ದ ಏನೋ ಬರೆಯುತ್ತಾನೆ ಎಂದುಕೊಂಡಿದ್ದೆ. ಅವನು ಫೋನ್ ಮಾಡಿ, 'ನನ್ನ ಮೈಕ್ ಪಕ್ಕ ಇನ್ನೊಂದು ಸ್ಟ್ಯಾಂಡ್ ತರ್ಸಿದೀನಿ, ನಿಂಗೆ. ಅದನ್ನ ಸಣ್ಣಗೆ ಇಡಲ್ಲ' ಅಂದ. ಅವನ ಮಟ್ಟಿಗೆ ಅದು ದೊಡ್ಡ ಮಾತು.

ಹೊಸದಾಗಿ ಮಾಡಿದ್ದನ್ನೆಲ್ಲ ಇದರ ಜೊತೆ ಕಳಿಸಿದ್ದೇನೆ. ಅಮ್ಮ ಬಂದಳೆಂದು ಆರಿಸಬೇಡ. ಟಿವಿಯ ಸದ್ದು ಪೂರ್ತಿ ಏರಿಸಿ ಕೇಳು, ಇಲ್ಲದಿದ್ದರೆ ಬೇಸ್ ಎದೆಗೆ ತಾಗುವುದಿಲ್ಲ. ಪಕ್ಕದ ಮನೆಯವರು ಗಲಾಟೆ ಎಂದು ಬಂದು ಬೆಲ್ ಒತ್ತಿದರೆ ಅಮ್ಮನನ್ನು ಕಳಿಸಬೇಡ. ನೀನೇ ಹೋಗಿ ಮಾತಾಡು.

ಪುಟ್ಟಿ